ಹಳೆ ಮನೆಯ ಚಿಮಣಿ ಸೋರುತ್ತಿದೆಯಾ? ಕೊಡಗಿನ ಮಳೆಗೆ ತಡೆಯುವಂತೆ ರಿಪೇರಿ ಮಾಡುವ ಬಗೆ

ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್ ಹೊತ್ತಿಗೆ) ಚಿಮಣಿ ಪಕ್ಕದ ಗೋಡೆಯಲ್ಲಿ ನೀರು ಇಳಿಯಲು ಶುರುವಾದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಮಳೆ ಸ್ವಲ್ಪ ಬಿಟ್ಟ ಕೂಡಲೇ ಯಾರನ್ನಾದರೂ ಮಾಡಿನ (ಛಾವಣಿಯ) ಮೇಲೆ ಹತ್ತಿಸಿ, ಬಿರುಕು ಕಂಡಲ್ಲೆಲ್ಲ ಸಿಮೆಂಟ್ ಮೆತ್ತಿಸುತ್ತಾರೆ. ಮುಂದಿನ ವರ್ಷ ಅದೇ ಗೋಡೆ, ಅದೇ ಜಾಗದಲ್ಲಿ ಮತ್ತೆ ಒದ್ದೆ. ಸಿಮೆಂಟ್ ಸಾಲದೆ ಹೀಗಾಗುವುದಲ್ಲ. ನೀರು ಎಲ್ಲಿಂದ ಒಳಗೆ ಬರುತ್ತಿದೆ ಅಂತ ಯಾರೂ ಹುಡುಕಿರುವುದಿಲ್ಲ, ಅಷ್ಟೇ. ಹಾಗಾಗಿ ಈ ಬರಹದಲ್ಲಿ ಹುಡುಕುವ ಕೆಲಸಕ್ಕೂ ಸಾಕಷ್ಟು ಜಾಗ ಕೊಟ್ಟಿದ್ದೇನೆ.

ಕೊಡಗಿನ ಹಳೆ ಮನೆಗಳಲ್ಲಿ ಮೂರು ಬಗೆಯ ಚಿಮಣಿ ಕಾಣಸಿಗುತ್ತವೆ. ಮಡಿಕೇರಿ, ಪಾಲಿಬೆಟ್ಟ, ಸಿದ್ದಾಪುರ, ಸುಂಟಿಕೊಪ್ಪದ ಕಡೆಯ ತೋಟದ ಬಂಗಲೆಗಳಲ್ಲಿ ಅಗ್ಗಿಷ್ಟಿಕೆಗೆ ಕಟ್ಟಿದ ದಪ್ಪ ಇಟ್ಟಿಗೆ ಚಿಮಣಿ ಒಂದು. ಹಳೆ ಮನೆಗಳ ಅಡಿಗೆಕೋಣೆಯ ಒಲೆಯ ಮೇಲೆ ಕಟ್ಟಿಸಿದ ಹೊಗೆಗೂಡು ಇನ್ನೊಂದು. ಮೂರನೆಯದು ಬಚ್ಚಲುಮನೆಯ ಹಂಡೆ ಒಲೆಯಿಂದಲೋ ಅಸ್ತ್ರ ಒಲೆಯಿಂದಲೋ (ಸೌದೆ ಉಳಿಸುವ ಸುಧಾರಿತ ಒಲೆ) ಹೆಂಚು ತೂರಿ ಮೇಲೆ ಹೋಗುವ ಕೊಳವೆ. ಮೂರಕ್ಕೂ ಕಾಯಿಲೆ ಹೆಚ್ಚು ಕಡಿಮೆ ಒಂದೇ. ಮದ್ದು ಮಾತ್ರ ಸ್ವಲ್ಪ ಬೇರೆ.

ಮಳೆಯ ಲೆಕ್ಕವನ್ನೂ ಮರೆಯಬೇಡಿ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ. ಭಾಗಮಂಡಲದ ಕಡೆ ಅದಕ್ಕಿಂತ ಎಷ್ಟೋ ಜಾಸ್ತಿ, ಕುಶಾಲನಗರದಲ್ಲಿ ತುಂಬಾ ಕಡಿಮೆ. ಕುಶಾಲನಗರದಲ್ಲಿ ಇಪ್ಪತ್ತು ವರ್ಷ ನಿಲ್ಲುವ ಕೆಲಸ ಭಾಗಮಂಡಲದಲ್ಲಿ ಎರಡೇ ಮಳೆಗಾಲಕ್ಕೆ ಕೈ ಕೊಡಬಹುದು. ಗಾಳಿ ಮಳೆ ಹೊಡೆಯುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ಚಿಮಣಿಯ ಆ ಮುಖವನ್ನು ಮೊದಲು ನೋಡಿ.

ಕೆಲಸಕ್ಕೆ ಯಾವ ತಿಂಗಳು?

ಫೆಬ್ರವರಿ ನಡುವಿನಿಂದ ಏಪ್ರಿಲ್ ಮೊದಲ ವಾರದವರೆಗೆ. ಡಿಸೆಂಬರ್, ಜನವರಿಯೂ ಒಣಗಿಯೇ ಇರುತ್ತವೆ. ಆದರೆ ಆಗ ಕಾಫಿ ಕೊಯ್ಲು, ಆಳು ಸಿಗುವುದೇ ಕಷ್ಟ. ಇನ್ನು ಮೇ ತಿಂಗಳಿಗೆ ತಳ್ಳಿದರೆ ಗಾರೆ ಗಟ್ಟಿಯಾಗುವ ಮೊದಲೇ ಮುಂಗಾರು ಬಂದುಬಿಡುತ್ತದೆ. ಸುಣ್ಣದ ಗಾರೆಗೆ ಜೋರು ಮಳೆ ತಾಗುವ ಮೊದಲು ಮೂರು, ನಾಲ್ಕು ವಾರವಾದರೂ ಬೇಕು.

ಈ ಹೊತ್ತಿಗೆ ಇನ್ನೊಂದು ಅನುಕೂಲವಿದೆ. ಹೂಮಳೆ ಬೀಳುವುದು ಈಗಲೇ. ಅರ್ಧ ಮುಗಿದ ಕೆಲಸಕ್ಕೆ ಟಾರ್ಪಾಲ್ ಹೊದೆಸಬೇಕು, ಅದು ನಿಜ. ಆದರೆ ಮುಗಿದ ಕೆಲಸಕ್ಕೆ ಇದು ಬಿಟ್ಟಿ ಪರೀಕ್ಷೆ. ಕಾಫಿ ಹೂವಿಗೆ ಮಳೆ ಬಂತು ಅಂತ ಎಲ್ಲರೂ ಅಂಗಳದಲ್ಲಿ ನಿಂತು ಖುಷಿಪಡುವಾಗ ನೀವು ಟಾರ್ಚ್ ಹಿಡಿದು ಅಟ್ಟ ಹತ್ತಿ.

ಮೊದಲ ಹೆಜ್ಜೆ: ನೀರಿನ ದಾರಿ ಹುಡುಕುವುದು

ನೀರು ಬಿದ್ದ ಜಾಗಕ್ಕೂ ಒಳಗೆ ಬಂದ ಜಾಗಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಮಾಡಿನ ಮೇಲ್ಗಡೆ ಹೆಂಚಿನಡಿ ನುಗ್ಗಿದ ನೀರು ಪಕ್ಕಾಸಿನ (ಮಾಡಿನ ಇಳಿಜಾರು ಮರದ) ಮೇಲೆ ಹರಿದು, ಚಿಮಣಿ ತಾಗಿದ ಕೂಡಲೇ ಅಲ್ಲಿಂದ ಗೋಡೆಗೆ ಇಳಿಯುತ್ತದೆ. ನೋಡುವವರಿಗೆ ಚಿಮಣಿಯದ್ದೇ ತಪ್ಪು ಅನಿಸುತ್ತದೆ.

ಸಮಯ ನೋಡಿದರೆ ಅರ್ಧ ಉತ್ತರ ಸಿಗುತ್ತದೆ. ಮಳೆ ಶುರುವಾದ ಕೆಲವೇ ನಿಮಿಷದಲ್ಲಿ ತೊಟ್ಟಿಕ್ಕಿದರೆ ದಾರಿ ನೇರವಾಗಿದೆ ಅಂತ ಅರ್ಥ: ಚಿಮಣಿಯ ಬಾಯಿ ತೆರೆದಿದೆ, ಇಲ್ಲವೇ ಮಾಡು ಮತ್ತು ಚಿಮಣಿ ಸೇರುವ ಕಡೆ ಸಂದು ಬಿಟ್ಟಿದೆ. ಎರಡು ಮೂರು ದಿನ ಬಿಡದೆ ಹೊಡೆದ ಮೇಲೆ ಗೋಡೆ ನಿಧಾನವಾಗಿ ಒದ್ದೆಯಾದರೆ ಇಟ್ಟಿಗೆ, ಗಾರೆಯೇ ನೀರು ಕುಡಿಯುತ್ತಿವೆ. ಗಾಳಿ ಮಳೆಗೆ ಮಾತ್ರ ಸೋರಿದರೆ ಪಕ್ಕದ ತಗಡನ್ನೋ ಇಟ್ಟಿಗೆ ಸಂದನ್ನೋ ಅನುಮಾನಿಸಿ. ಮಳೆಯೇ ಇಲ್ಲದಿದ್ದರೂ ಒದ್ದೆ, ಕಂದು ಕಲೆ, ಮಸಿ ವಾಸನೆ ಇದ್ದರೆ ಅದು ಸೋರಿಕೆಯೇ ಅಲ್ಲದಿರಬಹುದು. ಅದರ ಮಾತು ಆಮೇಲೆ.

ಈಗ ಪೈಪ್ ಪರೀಕ್ಷೆ. ಇದಕ್ಕೆ ಇಬ್ಬರು ಬೇಕು. ಒಬ್ಬರು ಮಾಡಿನ ಮೇಲೆ ನೀರಿನ ಪೈಪ್ ಹಿಡಿದು, ಇನ್ನೊಬ್ಬರು ಅಟ್ಟದಲ್ಲಿ ಟಾರ್ಚ್ ಹಿಡಿದು. ಕೆಳಗಿನಿಂದ ಮೇಲಕ್ಕೆ ಹೋಗಬೇಕು, ಇದೇ ಮುಖ್ಯ. ಮೊದಲು ಚಿಮಣಿಯ ಕೆಳಬದಿಯಲ್ಲಿ ಹೆಂಚು ಸೇರುವ ಜಾಗಕ್ಕೆ ಹತ್ತು ಹದಿನೈದು ನಿಮಿಷ ನೀರು ಬಿಡಿ. ಒಳಗೆ ಏನೂ ಕಾಣದಿದ್ದರೆ ಎರಡು ಪಕ್ಕ, ಆಮೇಲೆ ಹಿಂಬದಿ (ಮಾಡಿನ ಮೇಲ್ಗಡೆಗೆ ಇರುವ ಬದಿ), ಆಮೇಲೆ ಇಟ್ಟಿಗೆ ಗೋಡೆ, ಕೊನೆಗೆ ತಲೆ. ಮೊದಲೇ ತಲೆಗೆ ಸುರಿದರೆ ಎಲ್ಲವೂ ಒದ್ದೆಯಾಗಿ ಏನೂ ಗೊತ್ತಾಗುವುದಿಲ್ಲ. ನೀರು ಸುಮ್ನೆ ಹರಿಯಬೇಕು, ಚಿಮ್ಮಬಾರದು. ತೋಟದ ಸ್ಪ್ರಿಂಕ್ಲರ್ ಮೋಟಾರಿಗೆ ಪೈಪ್ ಸಿಕ್ಕಿಸಿ ಹೊಡೆಯುವವರಿದ್ದಾರೆ. ಆ ರಭಸಕ್ಕೆ ಸರಿಯಾಗಿರುವ ಹೆಂಚಿನಡಿಯೂ ನೀರು ನುಗ್ಗುತ್ತದೆ.

ಒಳಗೆ ಮೊದಲ ಹನಿ ಕಂಡ ಜಾಗಕ್ಕೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಮೊಬೈಲಲ್ಲಿ ಫೋಟೋ ತೆಗೆಯಿರಿ. ಮೇಸ್ತ್ರಿ ಬಂದಾಗ ಬಾಯಲ್ಲಿ ಹೇಳುವುದಕ್ಕಿಂತ ಫೋಟೋ ತೋರಿಸುವುದೇ ಲೇಸು.

ಮಾಡಿಗೆ ಹತ್ತುವ ಮೊದಲು

ಮಂಗಳೂರು ಹೆಂಚು ಹಳೆಯದಾದಷ್ಟೂ ನಂಬಬಾರದು. ಪಾಚಿ ಹಿಡಿದ ಹೆಂಚಂತೂ ಒಣಗಿದ್ದರೂ ಜಾರುತ್ತದೆ. ಹೆಂಚಿನ ನಡುವೆ ಕಾಲಿಡಬೇಡಿ. ಒಂದರ ಮೇಲೊಂದು ಕೂತಿರುವ ಕಡೆ, ಕೆಳಗೆ ರೀಪು (ಹೆಂಚು ಕೂರುವ ಅಡ್ಡಪಟ್ಟಿ) ಇರುವ ಸಾಲಿನಲ್ಲೇ ತೂಕ ಹಾಕಿ. ಅದಕ್ಕಿಂತ ಒಳ್ಳೆಯದು, ಮಾಡಿನ ತುದಿಗೆ, ಅಂದರೆ ಎರಡು ಇಳಿಜಾರು ಸೇರುವ ನೆತ್ತಿಗೆ, ಕೊಕ್ಕೆ ಸಿಕ್ಕಿಸುವ ಏಣಿ ಹಾಕಿ ಅದರ ಮೇಲೆ ಹೋಗುವುದು. ಸೊಂಟಕ್ಕೆ ಹಗ್ಗ ಕಟ್ಟಿ ಗಟ್ಟಿ ಆಧಾರಕ್ಕೆ ಬಿಗಿಯಿರಿ. ಚಿಮಣಿಗೇ ಹಗ್ಗ ಕಟ್ಟಬೇಡಿ. ಹಳೆ ಗಾರೆ ಪುಡಿಯಾಗಿದ್ದರೆ ಚಿಮಣಿಯೂ ನಿಮ್ಮ ಜೊತೆಗೇ ಬರುತ್ತದೆ.

ಹಿಂದಿನ ದಿನವೇ ಕೆಳಗಿನಿಂದ ನೋಡಿ: ಬಾಯಲ್ಲಿ ಜೇನೋ ಕಣಜವೋ ಕಟ್ಟಿದೆಯಾ? ಹೆಜ್ಜೇನಾದರೆ ತಿಳಿದವರನ್ನು ಕರೆಸಿ, ಹೊಗೆ ಹಾಕುವ ಸಾಹಸ ಬೇಡ. ಕರೆಂಟ್ ತಂತಿ ಹತ್ತಿರ ಹಾದುಹೋಗಿದ್ದರೆ ಲೈನ್‌ಮನ್‌ಗೆ ಹೇಳಿ ಲೈನ್ ಆಫ್ ಮಾಡಿಸಿಯೇ ಹತ್ತಿ. ಮಾಡಿನಿಂದ ಎತ್ತರಕ್ಕೆ ಎದ್ದ ಬಂಗಲೆ ಚಿಮಣಿಗೆ ಸಾರುವೆ ಕಟ್ಟದೆ ಕೆಲಸ ಶುರು ಮಾಡಬಾರದು. ಅದು ಮನೆಯವರ ಕೆಲಸವಲ್ಲ, ಮೇಸ್ತ್ರಿಯದ್ದು.

ಮಾಡು ಮತ್ತು ಚಿಮಣಿ ಸೇರುವ ಜಾಗ

ಹೆಚ್ಚಿನ ಸೋರಿಕೆ ಇಲ್ಲಿಯೇ. ಕಾರಣ ಸರಳ. ಮಾಡು ಮರದ್ದು. ಮಳೆಗಾಲದಲ್ಲಿ ಮರ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಒಣಗಿ ಕುಗ್ಗುತ್ತದೆ, ಜೋರು ಗಾಳಿಗೆ ಅಲುಗುತ್ತದೆ. ಚಿಮಣಿ ಅಲುಗುವುದಿಲ್ಲ. ಈ ಎರಡರ ನಡುವೆ ಗಾರೆಯ ಕಟ್ಟೆ ಕಟ್ಟಿದರೆ ಅದು ಬಿರಿಯಲೇಬೇಕು. ಎಷ್ಟು ಒಳ್ಳೆ ಸಿಮೆಂಟ್ ಹಾಕಿದರೂ ಅಷ್ಟೇ. ಕೂದಲೆಳೆಯಷ್ಟು ಬಿರುಕು ಸಾಕು. ಸಿಮೆಂಟ್ ಕಟ್ಟೆ ಮೇಲಿಂದ ಗಟ್ಟಿಯಾಗಿಯೇ ಕಾಣುತ್ತದೆ, ಹಿಂದಿನ ಸಂದಿನಲ್ಲಿ ನೀರು ಇಳಿಯುತ್ತಲೇ ಇರುತ್ತದೆ.

ಇದಕ್ಕೆ ಸರಿಯಾದ ಉತ್ತರ ಎರಡು ತುಂಡಿನ ತಗಡು. ಫ್ಲಾಶಿಂಗ್ ಅನ್ನುತ್ತಾರೆ. ಒಂದು ತುಂಡು ಮಾಡಿಗೆ ಸೇರಿದ್ದು. ಅದು ಹೆಂಚಿನ ಕಡೆಯಿಂದ ಬಂದು ಚಿಮಣಿಯ ಗೋಡೆಗೆ ಒರಗಿ ಕನಿಷ್ಠ 6 ಇಂಚು ಮೇಲೆ ನಿಲ್ಲುತ್ತದೆ. ಇನ್ನೊಂದು ಚಿಮಣಿಗೆ ಸೇರಿದ್ದು. ಅದರ ಮೇಲಂಚು ಇಟ್ಟಿಗೆ ಸಂದಿನೊಳಗೆ ಒಂದು ಇಂಚು ತೂರಿಕೊಂಡು, ಉಳಿದ ಭಾಗ ಮೊದಲ ತುಂಡಿನ ಮೇಲೆ ಕೊಡೆಯ ಅಂಚಿನಂತೆ ಇಳಿಬಿದ್ದಿರುತ್ತದೆ. ಎರಡನ್ನೂ ಒಂದಕ್ಕೊಂದು ಮೊಳೆ ಹೊಡೆದು, ಬೆಸುಗೆ ಹಾಕಿ ಜೋಡಿಸಬಾರದು. ಮಾಡು ಅಲುಗಿದಾಗ ಕೆಳಗಿನ ತುಂಡು ಜಾರಬೇಕು, ಮೇಲಿನದು ಸುಮ್ಮನಿರಬೇಕು. ಇದೊಂದು ಮಾತನ್ನು ತಗಡಿನ ಕೆಲಸದವರಿಗೆ ಒತ್ತಿ ಹೇಳಿ. ಗಟ್ಟಿಯಾಗಿರಲಿ ಅಂತ ಅವರು ಪ್ರೀತಿಯಿಂದಲೇ ರಿವೆಟ್ ಹೊಡೆದುಬಿಡುತ್ತಾರೆ.

ಕೆಲಸದ ಕ್ರಮ ಹೀಗೆ. ಚಿಮಣಿಯ ಸುತ್ತ ಎರಡು ಸಾಲು ಹೆಂಚು ತೆಗೆದು, ನಂಬರ್ ಹಾಕಿ ಕೆಳಗಿಳಿಸಿ. ಹಳೆ ಗಾರೆ ಕಟ್ಟೆಯನ್ನು ಉಳಿ, ಸುತ್ತಿಗೆಯಲ್ಲಿ ನಿಧಾನಕ್ಕೆ ಒಡೆದು ತೆಗೆಯಿರಿ. ಈಗ ರೀಪು, ಪಕ್ಕಾಸು ಕಣ್ಣಿಗೆ ಬೀಳುತ್ತವೆ. ಉಳಿಯ ಮೊನೆಯಲ್ಲಿ ಚುಚ್ಚಿ ನೋಡಿ. ಮೆತ್ತಗಿದ್ದರೆ, ಗೆದ್ದಲು ಹಿಡಿದಿದ್ದರೆ ಬದಲಾಯಿಸಿ. ಮರ ಚಿಮಣಿಯ ಇಟ್ಟಿಗೆಗೆ ತಾಗಿಕೊಂಡಿದ್ದರೆ ಈಗಲೇ ಕತ್ತರಿಸಿ 2 ಇಂಚು ದೂರ ಮಾಡಿ. ವರ್ಷಗಟ್ಟಲೆ ಬಿಸಿ ತಾಗಿದ ಮರ ಕ್ರಮೇಣ ಕಡಿಮೆ ಶಾಖಕ್ಕೂ ಹೊತ್ತಿಕೊಳ್ಳುವಂತೆ ಆಗುತ್ತದೆ. ಪಕ್ಕಾಸನ್ನೇ ಕತ್ತರಿಸುವುದಾದರೆ ಅದರ ಭಾರ ಹೊರಲು ಪಕ್ಕದ ಪಕ್ಕಾಸುಗಳ ನಡುವೆ ಅಡ್ಡಮರ ಕೊಡಬೇಕು. ಬಡಗಿಯನ್ನು ಕರೆಸುವುದು ಒಳ್ಳೆಯದು.

ತಗಡು ಕೂರಿಸುವುದು ಕೆಳಬದಿಯಿಂದ. ಕೆಳಗಿನ ತಗಡು ಹೆಂಚಿನ ಮೇಲೆ 6 ಇಂಚಾದರೂ ಇಳಿದಿರಬೇಕು. ಪಕ್ಕದಲ್ಲಿ ಬೇರೆ ಕ್ರಮ. ಮಂಗಳೂರು ಹೆಂಚಿಗೆ ಏರಿಳಿತ ಇರುವುದರಿಂದ ಚಪ್ಪಟೆ ತಗಡನ್ನು ಮೇಲೆ ಕೂರಿಸಿದರೆ ಸಂದು ಉಳಿಯುತ್ತದೆ. ಅಲ್ಲಿ ಹೆಂಚಿನ ಅಂಚಿನ ಕೆಳಗೆ ಹೋಗುವಂತೆ, ಅಂಚು ಮಡಚಿದ ಸಣ್ಣ ದೋಣಿ (ನೀರು ಹರಿಯುವ ತಗಡಿನ ಕಾಲುವೆ) ಮಾಡಿಸಿ. ಹೆಂಚಿನಡಿ ನುಗ್ಗಿದ ನೀರು ಆ ದೋಣಿಯಲ್ಲಿ ಹರಿದು ಕೆಳಗಿನ ಹೆಂಚಿನ ಮೇಲೆ ಬಂದು ಬೀಳಬೇಕು. ತಗಡಿನ ತುಂಡುಗಳು ಒಂದರ ಮೇಲೊಂದು 4 ಇಂಚು ಬರಲಿ, ಯಾವಾಗಲೂ ಮೇಲಿನದು ಕೆಳಗಿನದರ ಮೇಲೆ.

ಹಿಂಬದಿಯೇ ದೊಡ್ಡ ತಲೆನೋವು. ಮೇಲಿನಿಂದ ಹರಿದು ಬಂದ ನೀರು ಚಿಮಣಿಯ ಬೆನ್ನಿಗೆ ಹೊಡೆದು ನಿಲ್ಲುತ್ತದೆ. ಜೊತೆಗೆ ತರಗೆಲೆ. ಸಿಲ್ವರ್ ಓಕ್ ಮರದ ಕೆಳಗೆ ಮನೆ ಇದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚಿಮಣಿ ಎರಡೂವರೆ ಅಡಿಗಿಂತ ಅಗಲವಿದ್ದರೆ ಅದರ ಬೆನ್ನಿಗೆ ಎರಡು ಕಡೆ ಇಳಿಜಾರಿನ ಪುಟ್ಟ ತಗಡಿನ ಮಾಡು ಮಾಡಿಸಿ. ನೀರು, ಎಲೆ ಎರಡೂ ಇಬ್ಭಾಗವಾಗಿ ಪಕ್ಕಕ್ಕೆ ಹೋಗುತ್ತವೆ. ಚಿಕ್ಕ ಚಿಮಣಿಗೆ ಅಗಲವಾದ ದೋಣಿ ಸಾಕು, ಆದರೆ ಕೈ ಹಾಕಿ ಎಲೆ ತೆಗೆಯುವಷ್ಟು ಅಗಲ ಇರಲಿ.

ಯಾವ ತಗಡು? ಸೀಸದ ಹಾಳೆ ಹೆಂಚಿನ ಆಕಾರಕ್ಕೆ ಚೆನ್ನಾಗಿ ಬಾಗುತ್ತದೆ, ಬಾಳಿಕೆಯೂ ಜಾಸ್ತಿ. ಆದರೆ ಮಾಡಿನ ನೀರನ್ನು ಕುಡಿಯಲು, ಅಡಿಗೆಗೆ ಹಿಡಿಯುವ ಮನೆಯಲ್ಲಿ ಸೀಸ ಬೇಡವೇ ಬೇಡ, ಅದು ವಿಷ. ತಾಮ್ರ ಒಳ್ಳೆಯದು, ಬೆಲೆ ಜಾಸ್ತಿ. ಸಾಮಾನ್ಯ ಮನೆಗೆ 24 ಗೇಜಿನ ಜಿಐ ಶೀಟ್ (ಸತು ಲೇಪಿಸಿದ ಕಬ್ಬಿಣದ ತಗಡು) ಇಲ್ಲವೇ ಅಲ್ಯೂಮಿನಿಯಂ ಸಾಕು. ಅಲ್ಯೂಮಿನಿಯಂ ಆದರೆ ಹಸಿ ಸಿಮೆಂಟ್, ಸುಣ್ಣ ತಾಗುವ ಭಾಗಕ್ಕೆ ಮೊದಲೇ ಟಾರು ಬಳಿಯಿರಿ, ಇಲ್ಲದಿದ್ದರೆ ಕೊರೆದು ತೂತಾಗುತ್ತದೆ. ತಾಮ್ರದ ತಗಡಿಗೆ ಕಬ್ಬಿಣದ ಮೊಳೆ, ಜಿಐ ಮೊಳೆ ಹೊಡೆಯಬೇಡಿ. ಮಳೆನೀರಿನಲ್ಲಿ ಎರಡು ಬೇರೆ ಲೋಹ ತಾಗಿದರೆ ಒಂದು ಬೇಗ ತುಕ್ಕು ಹಿಡಿಯುತ್ತದೆ.

ಚಿಮಣಿಯ ತಲೆ

ಹಳೆ ಚಿಮಣಿಗಳ ಮೇಲೆ ತೆಳ್ಳಗೆ ಗಾರೆ ಬಳಿದು ಬಿಟ್ಟಿರುತ್ತಾರೆ. ಅದು ಬಿರಿದು ನೀರು ಇಟ್ಟಿಗೆಯ ಹೊಟ್ಟೆಗೆ ನೇರ ಇಳಿಯುತ್ತದೆ. ಆಲದ ಸಸಿ ಹುಟ್ಟಿದ್ದರೆ ಬೇರು ಸಮೇತ ತೆಗೆಯಬೇಕು. ಬರೀ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಬೇರು ಒಳಗೆ ಇಳಿದಿದ್ದರೆ ಆ ಸಾಲಿನ ಇಟ್ಟಿಗೆ ಬಿಚ್ಚಿ ಕಟ್ಟುವುದೇ ದಾರಿ.

ಹಳೆ ಗಾರೆ ಪೂರ್ತಿ ಕೆರೆದು 1:2:4 (ಒಂದು ಸಿಮೆಂಟ್, ಎರಡು ಮರಳು, ನಾಲ್ಕು ಜಲ್ಲಿ) ಕಾಂಕ್ರೀಟ್ ಟೋಪಿ ಹಾಕಿ. ಅಂಚಿನಲ್ಲಿ ದಪ್ಪ 2 ಇಂಚಿಗಿಂತ ಕಡಿಮೆ ಬೇಡ, ನಡುವೆ ಜಾಸ್ತಿ ಇರಲಿ, ನೀರು ಹೊರಕ್ಕೆ ಜಾರಬೇಕು. ಗೋಡೆಯಿಂದ 2 ಇಂಚು ಹೊರಚಾಚಿರಬೇಕು. ಆ ಚಾಚಿದ ಭಾಗದ ಕೆಳಗೆ ಅರ್ಧ ಇಂಚಿನ ಗೀರು ಬಿಡಿಸಿ. ಈ ಗೀರು ಇಲ್ಲದಿದ್ದರೆ ನೀರು ಅಂಚಿನ ಕೆಳಗೆ ಅಂಟಿಕೊಂಡು ಮತ್ತೆ ಗೋಡೆಗೇ ಬರುತ್ತದೆ. ಇಟ್ಟಿಗೆ ಮತ್ತು ಕಾಂಕ್ರೀಟ್ ನಡುವೆ ಟಾರ್ ಶೀಟ್ ಹಾಸಿದರೆ ಕೆಳಗಿನ ಗೋಡೆ ಬಿಸಿಗೆ ಹಿಗ್ಗಿದರೂ ಟೋಪಿ ಬಿರಿಯುವುದಿಲ್ಲ. ಒಳಗೆ ಹೊಗೆಕೊಳವೆ ಇದ್ದರೆ ಅದಕ್ಕೂ ಕಾಂಕ್ರೀಟಿಗೂ ನಡುವೆ ಅರ್ಧ ಇಂಚು ಬಿಟ್ಟು, ಬಿಸಿ ತಡೆಯುವ ಸೀಲೆಂಟ್ ತುಂಬಿ. ಹತ್ತು ದಿನ ಒದ್ದೆ ಗೋಣಿ ಹೊದೆಸಿ ನೀರು ಹಾಕಿ. ಮೇಲೆ ಹತ್ತಬೇಕಲ್ಲಾ ಅಂತ ಎಲ್ಲರೂ ತಪ್ಪಿಸುವ ಕೆಲಸ ಇದು.

ಬಾಯಿಗೆ ಮಳೆ ಬೀಳದಂತೆ ನಾಲ್ಕು ಕಾಲಿನ ಮುಚ್ಚಿಗೆ ಬೇಕು. ಕಲ್ಲು ಚಪ್ಪಡಿಯಾದರೂ ಸರಿ, ತಗಡಾದರೂ ಸರಿ. ನಾಲ್ಕೂ ಕಡೆಯ ತೆರೆದ ಜಾಗವನ್ನು ಕೂಡಿಸಿದರೆ ಚಿಮಣಿ ಬಾಯಿಗಿಂತ ಜಾಸ್ತಿಯೇ ಇರಬೇಕು. ಕಡಿಮೆಯಾದರೆ ಹೊಗೆ ಮನೆಯೊಳಗೆ ತಿರುಗುತ್ತದೆ. ಹಕ್ಕಿ, ಅಳಿಲು ಬರದಂತೆ ಅರ್ಧ ಇಂಚಿನ ಜಾಲರಿ ಕಟ್ಟಿ. ವರ್ಷಕ್ಕೊಮ್ಮೆ ಅದರ ಮಸಿ ಉಜ್ಜಿ ತೆಗೆಯಬೇಕು.

ಇಟ್ಟಿಗೆ ಸಂದು ತುಂಬುವಾಗ

ಹಳೆ ಕಟ್ಟಡಗಳಲ್ಲಿ ಇಟ್ಟಿಗೆ ಮೆತ್ತಗೆ, ಗಾರೆ ಸುಣ್ಣದ್ದು. ಗೋಡೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿದರೆ ಕುಡಿದ ನೀರು ಹೊರಗೆ ಹೋಗಲು ದಾರಿಯಿಲ್ಲದೆ ಇಟ್ಟಿಗೆಯ ಮುಖವೇ ಪದರ ಪದರವಾಗಿ ಉದುರುತ್ತದೆ. ಚಿಮಣಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಮೇಲೆ ವಾಟರ್‌ಪ್ರೂಫ್ ಪೇಂಟ್ ಹೊಡೆಯುವುದನ್ನು ನಾನು ಯಾರಿಗೂ ಹೇಳುವುದಿಲ್ಲ. ಮೊದಲ ವರ್ಷ ಚಂದ ಕಾಣುತ್ತದೆ. ಆಮೇಲೆ ಪೇಂಟ್ ಗುಳ್ಳೆ ಏಳುತ್ತದೆ.

ಉದುರುವ ಗಾರೆಯನ್ನು ಮುಕ್ಕಾಲರಿಂದ ಒಂದು ಇಂಚು ಆಳಕ್ಕೆ ಕೆರೆದು ತೆಗೆಯಿರಿ. ಕೈ ಉಳಿಯೇ ಸಾಕು. ಗ್ರೈಂಡರ್ ಹಿಡಿದರೆ ಇಟ್ಟಿಗೆಯ ಅಂಚು ಹಾಳಾಗುತ್ತದೆ. ಧೂಳು ಬ್ರಷ್ ಮಾಡಿ, ನೀರು ಚಿಮುಕಿಸಿ, ಇಟ್ಟಿಗೆ ಒದ್ದೆಯಾಗಿದ್ದು ನೀರು ತೊಟ್ಟಿಕ್ಕದಂತಿರುವಾಗ ಹೊಸ ಗಾರೆ ಒತ್ತಿ ತುಂಬಿ. ಮಾಡಿನ ಕೆಳಗಿನ ಭಾಗಕ್ಕೆ ಒಂದು ಪಾಲು ಸುಣ್ಣ, ಮೂರು ಪಾಲು ಮರಳು. ಸುರ್ಕಿ, ಅಂದರೆ ಇಟ್ಟಿಗೆ ಪುಡಿ ಸಿಕ್ಕಿದರೆ ಒಂದು ಸುಣ್ಣ, ಒಂದು ಸುರ್ಕಿ, ಎರಡು ಮರಳು. ಸುರ್ಕಿ ಇದ್ದರೆ ತೇವದಲ್ಲೂ ಗಟ್ಟಿಯಾಗುತ್ತದೆ. ಮಾಡಿನ ಮೇಲೆ ನೇರ ಮಳೆ ತಿನ್ನುವ ಭಾಗಕ್ಕೆ 1:1:6, ಅಂದರೆ ಒಂದು ಸಿಮೆಂಟ್, ಒಂದು ಸುಣ್ಣ, ಆರು ಮರಳು ಒಪ್ಪುತ್ತದೆ. ಎಂ-ಸ್ಯಾಂಡ್ ಆದರೆ ಪುಡಿ ಜಾಸ್ತಿ ಇರುವುದನ್ನು ಜರಡಿ ಹಿಡಿಯಿರಿ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ. ಕನ್ನಡಕ, ಕೈಗವಸು ಬೇಕೇ ಬೇಕು.

ಪೂರ್ತಿ ಒಣಗಿದ ಮೇಲೆ ಬೇಕಿದ್ದರೆ ಸಿಲೇನ್-ಸಿಲಾಕ್ಸೇನ್ ಬಗೆಯ ದ್ರವ ಹೊಡೆಯಬಹುದು. ಇದು ಮೇಲೆ ಪದರ ಕಟ್ಟುವುದಿಲ್ಲ, ನೀರನ್ನು ತಡೆದರೂ ಒಳಗಿನ ಆವಿಯನ್ನು ಬಿಡುತ್ತದೆ. ಬಿರುಕಿಗೆ ಇದು ಮದ್ದಲ್ಲ.

ಕೊಳವೆ ಚಿಮಣಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ (ಐಐಎಸ್‌ಸಿ) ರೂಪುಗೊಂಡ ಅಸ್ತ್ರ ಒಲೆ ಹಾಕಿಸಿದ ಮನೆಗಳಲ್ಲೂ, ಹಂಡೆ ಒಲೆಯಲ್ಲೂ ಸಿಮೆಂಟ್ ಕೊಳವೆ ಹೆಂಚು ತೂರಿ ಹೋಗಿರುತ್ತದೆ. ಸುತ್ತ ಸಿಮೆಂಟ್ ಮೆತ್ತಿರುತ್ತಾರೆ. ಕೊಳವೆ ಬಿಸಿಗೆ ಹಿಗ್ಗಿ, ಆರಿದಾಗ ಕುಗ್ಗಿ ಆ ಸಿಮೆಂಟ್ ಬಿಡುತ್ತದೆ. ಇಲ್ಲಿಯೂ ಎರಡು ತುಂಡೇ ಮದ್ದು. ಒಂದು ಹೆಂಚಿನ ಜಾಗದಲ್ಲಿ ಕೂರುವ ತಗಡು. ಅದರ ನಡುವೆ ಕೊಳವೆಗಿಂತ ಸ್ವಲ್ಪ ದೊಡ್ಡ ತೂತು, ತೂತಿನ ಸುತ್ತ 4 ಇಂಚು ಎತ್ತರದ ಕಂಠ. ತಗಡಿನ ಮೇಲಂಚು ಮೇಲಿನ ಸಾಲಿನ ಹೆಂಚಿನ ಕೆಳಗೆ ಹೋಗಬೇಕು. ಇನ್ನೊಂದು, ಕೊಳವೆಗೆ ಬಿಗಿದ ತಗಡಿನ ಕೊಡೆ. ಅದು ಕಂಠದ ಮೇಲೆ ತಾಗದಂತೆ ಇಳಿದಿರಬೇಕು. ಕೊಡೆ ಮತ್ತು ಕೊಳವೆ ಸೇರುವಲ್ಲಿ ಮಾತ್ರ ಬಿಸಿ ತಡೆಯುವ ಸೀಲೆಂಟ್.

ಹಳೆ ಸಿಮೆಂಟ್ ಕೊಳವೆಯಲ್ಲಿ ಹೆಚ್ಚಾಗಿ ಆಸ್ಬೆಸ್ಟಾಸ್ ಇರುತ್ತದೆ. ಅದನ್ನು ಗರಗಸದಲ್ಲಿ ಕೊಯ್ಯಬೇಡಿ, ಒಣಗಿದ್ದಾಗ ಒಡೆಯಬೇಡಿ, ಆ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ತೆಗೆಯಲೇಬೇಕಾದರೆ ಒದ್ದೆ ಮಾಡಿ ಇಡಿಯಾಗಿ ತೆಗೆಸಿ. ಅದರ ಬದಲು ಒಂದೇ ಪದರದ ಕಬ್ಬಿಣದ ಕೊಳವೆ ಹಾಕುವುದಾದರೆ ಮರದಿಂದ ಒಂದೂವರೆ ಅಡಿ ದೂರ ಇರಬೇಕು. ಹೆಂಚಿನ ಮನೆಯಲ್ಲಿ ರೀಪು ತಾಗದೆ ಇದು ಆಗುವ ಮಾತಲ್ಲ. ಹಾಗಾಗಿ ಮಾಡು ದಾಟುವ ಕಡೆ ಎರಡು ಪದರದ ಕೊಳವೆಯೇ ಬೇಕು.

ಮಳೆ ಇಲ್ಲದಿದ್ದರೂ ಒದ್ದೆ

ಗೋಡೆಗೆ ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಇದ್ದರೆ ತೇವ ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಇದ್ದರೆ ಅದು ಮನೆಯೊಳಗಿನ ಗಾಳಿಯದ್ದು. ಮಳೆಗಾಲದ ಕೊಡಗಿನಲ್ಲಿ ಇದು ಹೊಸತೇನಲ್ಲ.

ಹಸಿ ಸೌದೆಯೂ ಕಾರಣವಾಗುತ್ತದೆ. ಸೌದೆಯ ನೀರು ಆವಿಯಾಗಿ ಮೇಲೆ ಹೋಗಿ, ತಣ್ಣಗಿನ ಚಿಮಣಿಯ ಗೋಡೆಯಲ್ಲಿ ಹನಿಗಟ್ಟಿ, ಮಸಿ ಜೊತೆ ಕಂದು ನೀರಾಗಿ ಇಳಿಯುತ್ತದೆ. ಇದಕ್ಕೆ ಮಾಡಿನ ಮೇಲೆ ಏನು ಮಾಡಿದರೂ ಪ್ರಯೋಜನವಿಲ್ಲ. ಒಣ ಸೌದೆ ಉರಿಸಿ, ಮಸಿ ತೆಗೆಸಿ. ಹಳೆ ಮಸಿಯಲ್ಲಿರುವ ಉಪ್ಪು ಪ್ಲಾಸ್ಟರಿಗೆ ಇಳಿದಿದ್ದರೆ ಅದು ಗಾಳಿಯ ತೇವವನ್ನೇ ಹೀರಿ ಒದ್ದೆಯಾಗುತ್ತಿರುತ್ತದೆ. ಅಂಥ ಕಡೆ ಪೇಂಟ್ ಹೊಡೆದರೂ ಕಲೆ ಮೇಲೆ ಬರುತ್ತದೆ. ಕಲೆಯ ಅಂಚಿನಿಂದ ಒಂದು ಅಡಿ ಆಚೆವರೆಗೆ ಪ್ಲಾಸ್ಟರ್ ಕಿತ್ತು ಸುಣ್ಣದ ಗಾರೆ ಮಾಡಿಸಿ.

ಬಳಸದೆ ಬಿಟ್ಟ ಅಗ್ಗಿಷ್ಟಿಕೆಯನ್ನು ಇಟ್ಟಿಗೆ ಕಟ್ಟಿ ಪೂರ್ತಿ ಮುಚ್ಚುವವರಿದ್ದಾರೆ. ಗಾಳಿ ಆಡದೆ ಒಳಗೆ ತೇವ ಕೂರುತ್ತದೆ. ಕೆಳಗೊಂದು ಜಾಲರಿ, ಮೇಲೆ ಮಳೆ ಬೀಳದ ಕಿಂಡಿ ಬಿಟ್ಟರೆ ಸಾಕು.

ಒಲೆ ಹಚ್ಚುವ ಮೊದಲು

ಗಾರೆ ಒಣಗಿದ ಮೇಲೆ ಹೊಗೆ ಪರೀಕ್ಷೆ ಮಾಡಿ. ಹಗಲು ಹೊತ್ತು, ಕಿಟಕಿ ಬಾಗಿಲು ತೆರೆದಿಟ್ಟು, ಒಲೆಯಲ್ಲಿ ಸ್ವಲ್ಪ ಹಸಿ ಸೊಪ್ಪು ಹೊಗೆಯಾಡಿಸಿ. ಮೇಲೆ ಒದ್ದೆ ಗೋಣಿಯಲ್ಲಿ ಬಾಯಿಯನ್ನು ಒಂದೆರಡು ನಿಮಿಷ ಮಾತ್ರ ಮುಚ್ಚಿ, ಅಟ್ಟದಲ್ಲಿ ಹೊಗೆ ಬರುತ್ತಿದೆಯಾ ನೋಡಿ. ಬಂದರೆ ಒಳಗೆ ಬಿರುಕಿದೆ. ಅದನ್ನು ಸರಿಪಡಿಸುವವರೆಗೆ ಬೆಂಕಿ ಹಾಕಬೇಡಿ. ಹೊಗೆಯ ಜೊತೆ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಮಲಗುವ ಕೋಣೆಯ ಅಗ್ಗಿಷ್ಟಿಕೆಯಾದರೆ ಜೀವಕ್ಕೇ ಅಪಾಯ. ಮೊದಲ ಒಂದು ವಾರ ಸಣ್ಣ ಉರಿ ಸಾಕು, ಹಸಿ ಗಾರೆಗೆ ಒಮ್ಮೆಲೇ ಬಿಸಿ ತಾಗಿದರೆ ಬಿರಿಯುತ್ತದೆ.

ಮಳೆಗಾಲದ ನಡುವೆ ಸೋರಿದರೆ

ಜುಲೈಯಲ್ಲಿ ಇದನ್ನು ಓದುತ್ತಿದ್ದರೆ ಗಾರೆ ಕೆಲಸ ಬಿಟ್ಟುಬಿಡಿ. ಒದ್ದೆ ಗೋಡೆಗೆ ಏನೂ ಹಿಡಿಯುವುದಿಲ್ಲ, ಜಾರುವ ಮಾಡಿಗೆ ಯಾರನ್ನೂ ಹತ್ತಿಸಬಾರದು. ಅಟ್ಟದ ಒಳಗಿನಿಂದ ಮಾಡಬಹುದಾದದ್ದನ್ನು ಮಾಡಿ. ನೀರು ಹರಿಯುವ ಪಕ್ಕಾಸಿಗೆ ಒಂದು ದಾರ ಕಟ್ಟಿ ಬಕೆಟ್‌ಗೆ ಇಳಿಬಿಡಿ. ನೀರು ಗೋಡೆಗೆ ಹೋಗದೆ ದಾರ ಹಿಡಿದು ಇಳಿಯುತ್ತದೆ. ಸ್ವಿಚ್‌ಬೋರ್ಡ್ ಹತ್ತಿರವಿದ್ದರೆ ಆ ಲೈನಿನ ಫ್ಯೂಸ್ ತೆಗೆದಿಡಿ. ಎರಡು ದಿನ ಬಿಸಿಲು ಬಿಟ್ಟಾಗ, ಮಾಡು ಪೂರ್ತಿ ಒಣಗಿದ್ದರೆ ಮಾತ್ರ, ಹಿಂಬದಿಯ ಎಲೆ ತೆಗೆಸಿ ಬಿರುಕಿನ ಮೇಲೆ ಟಾರ್ ಟೇಪ್ ಅಂಟಿಸಬಹುದು. ಟಾರ್ಪಾಲ್ ಹೊದೆಸುವುದಾದರೆ ಅದರ ಮೇಲಂಚು ಮಾಡಿನ ತುದಿ ದಾಟಿ ಆಚೆ ಇಳಿಯಲಿ, ಇಲ್ಲದಿದ್ದರೆ ನೀರು ಅದರಡಿಯೇ ಹೋಗುತ್ತದೆ. ಒಲೆ ಬಳಸುವ ಚಿಮಣಿಯ ಬಾಯಿಯನ್ನು ಮಾತ್ರ ಟಾರ್ಪಾಲ್‌ನಿಂದ ಮುಚ್ಚಬೇಡಿ.